ಕಚೇರಿಯ ಬಾಗಿಲು ಮತ್ತು ಅದರ ಬೀಗದ ಕೈ

ಮಂಡ್ಯ ಜಿಲ್ಲೆ ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯು ಕಬ್ಬು, ಭತ್ತ, ತೆಂಗುಗಳ ಸೀಮೆ. ಇಂತಹ ಹೋಬಳಿಯಲ್ಲಿ ಅಕ್ಕಿ ಗಿರಣಿಯನ್ನೋ ತೆಂಗಿನ ನಾರಿನ ಘಟಕವನ್ನೋ ನಡೆಸುವ ಉದ್ಯಮಿಯ ವ್ಯವಹಾರವು ಇಂದು ಹೋಬಳಿಯೊಳಗೆ ಮುಗಿಯುವುದಿಲ್ಲ. ಲೆಕ್ಕ ಪರಿಶೋಧಕರು ಮೈಸೂರಿನಲ್ಲೋ ಮಂಡ್ಯದಲ್ಲೋ ಇರುತ್ತಾರೆ, ಖರೀದಿದಾರರು ಬೆಂಗಳೂರಿನಲ್ಲಿರುತ್ತಾರೆ, ವಸೂಲಿಗಾಗಿ ಮಾಲೀಕರು ಊರೂರು ತಿರುಗುತ್ತಿರುತ್ತಾರೆ. ಆದರೆ ಖಾತೆ ಮಾತ್ರ ಕಚೇರಿಯ ಮೂಲೆಯಲ್ಲಿರುವ ಒಂದೇ ಗಣಕಯಂತ್ರದಲ್ಲಿದೆ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ಕರ್ನಾಟಕವು ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಪದ್ಧತಿಯನ್ನು ಆರಂಭಿಸಿತು. 2022ರ ಜುಲೈ 18ರಿಂದ, ಬ್ರ್ಯಾಂಡ್ ಇಲ್ಲದಿದ್ದರೂ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಸಣ್ಣ ಚೀಲದ ಅಕ್ಕಿಯೂ ತೆರಿಗೆಯ ವ್ಯಾಪ್ತಿಗೆ ಸೇರಿತು. ಇವೆಲ್ಲದರ ಪರಿಣಾಮವಾಗಿ, ಸಂಜೆ ಏಳು ಗಂಟೆಗೆ ಲಾರಿ ಹೊರಡಬೇಕಾದರೆ ಬಿಲ್ಲಿನ ಸಂಖ್ಯೆ ಮತ್ತು ತೂಕದ ವಿವರ ಆ ಕ್ಷಣದಲ್ಲೇ ಬೇಕು. ಇ-ವೇ ಬಿಲ್ಲನ್ನು ಎಲ್ಲಿಂದಲಾದರೂ ಪಡೆಯಬಹುದು. ಅದಕ್ಕೆ ಬೇಕಾದ ವಿವರ ಮಾತ್ರ ಗಿರಣಿಯಲ್ಲಿದೆ. ದೂರದಿಂದ ಕಚೇರಿಯ ಜಾಲವನ್ನು ಪ್ರವೇಶಿಸುವುದು ಹೀಗೆ ಸಣ್ಣ ಉದ್ಯಮಿಗೂ ಅನಿವಾರ್ಯವಾಗಿದೆ.

ಪ್ರವೇಶಿಸಬೇಕೇ ಎಂಬುದು ಈಗ ಪ್ರಶ್ನೆಯಲ್ಲ. ಯಾವ ಬಾಗಿಲಿನಿಂದ ಎಂಬುದೇ ಪ್ರಶ್ನೆ. ಬಹುತೇಕ ಕಡೆಗಳಲ್ಲಿ ಸುಲಭದ ಎರಡು ದಾರಿಗಳನ್ನು ಹಿಡಿಯಲಾಗುತ್ತದೆ. ಮೊದಲನೆಯದು, ಪರದೆಯನ್ನು ಹಂಚಿಕೊಳ್ಳುವ ಉಚಿತ ತಂತ್ರಾಂಶವೊಂದನ್ನು ಹಾಕಿ, ಅದರ ಪಾಸ್‌ವರ್ಡನ್ನು ಗುಮಾಸ್ತರಿಗೂ ಲೆಕ್ಕಿಗರಿಗೂ ದುರಸ್ತಿಯವರಿಗೂ ಫೋನಿನಲ್ಲೇ ಹೇಳಿಬಿಡುವುದು. ಎರಡನೆಯದು, ರೂಟರಿನಲ್ಲಿ ಒಂದು ಪೋರ್ಟನ್ನು ತೆರೆದು, ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಅಂತರಜಾಲಕ್ಕೆ ಒಡ್ಡುವುದು. ಮೊದಲನೆಯದು ಬೀಗದ ಕೈಯನ್ನು ಊರಿಗೆಲ್ಲ ಹಂಚಿದಂತೆ. ಎರಡನೆಯದು ಗೋದಾಮಿನ ಬಾಗಿಲನ್ನು ಹೆದ್ದಾರಿಗೆ ತೆರೆದಿಟ್ಟಂತೆ.

“ಹೋಬಳಿಯ ಗಿರಣಿಯನ್ನು ಹುಡುಕಿಕೊಂಡು ಯಾರು ಬರುತ್ತಾರೆ?” ಎಂಬ ಸಮಾಧಾನ ಸಾಮಾನ್ಯವಾದುದು. ಆದರೆ ಇಲ್ಲಿ ಹುಡುಕುವವರು ಮನುಷ್ಯರಲ್ಲ. ಅಂತರಜಾಲದ ವಿಳಾಸಗಳನ್ನು ಒಂದೊಂದಾಗಿ ತಟ್ಟಿ ನೋಡುವ ತಂತ್ರಾಂಶಗಳು ಹಗಲಿರುಳೂ ಕೆಲಸ ಮಾಡುತ್ತವೆ. ಅವುಗಳಿಗೆ ಶೀಳನೆರೆಯೂ ಒಂದೇ, ಮುಂಬಯಿಯೂ ಒಂದೇ. ದುರ್ಬಲ ಪಾಸ್‌ವರ್ಡಿನ ಬಾಗಿಲು ಸಿಕ್ಕಿದರೆ ಒಳನುಗ್ಗುವ ಸುಲಿಗೆ ತಂತ್ರಾಂಶವು ಕಡತಗಳನ್ನೆಲ್ಲ ಸಂಕೇತಲಿಪಿಗೆ ಬದಲಿಸಿ ಹಣ ಕೇಳುತ್ತದೆ. ಆಗ ಕಳೆದುಹೋಗುವುದು ಒಂದು ಯಂತ್ರವಲ್ಲ. ಯಾವ ರೈತರಿಗೆ ಭತ್ತದ ಬಾಕಿ ಎಷ್ಟು, ಯಾವ ಅಂಗಡಿಯಿಂದ ಬರಬೇಕಾದುದೆಷ್ಟು ಎಂಬ ಲೆಕ್ಕವೇ ಕಳೆದುಹೋಗುತ್ತದೆ. ಬಾಯಿಮಾತಿನ ನಂಬಿಕೆಯ ಮೇಲೆ ನಡೆಯುವ ವ್ಯವಹಾರದಲ್ಲಿ ಆ ನಷ್ಟವನ್ನು ಯಾವ ವಿಮೆಯೂ ತುಂಬಿಕೊಡಲಾರದು.

ಇದಕ್ಕಿರುವ ಪರಿಹಾರ ವಿ.ಪಿ.ಎನ್. ಸರ್ವರ್. ಕಚೇರಿಯಲ್ಲಿ ಒಂದು ಸಣ್ಣ ಸಾಧನವು ಕಾವಲುಗಾರನಂತೆ ನಿಲ್ಲುತ್ತದೆ. ಹೊರಗಿನವರು ಮೊದಲು ಅದಕ್ಕೆ ತಮ್ಮ ಗುರುತನ್ನು ಸಾಬೀತುಪಡಿಸಬೇಕು. ಅನಂತರ ಸಂಕೇತಲಿಪಿಯಿಂದ ಮುಚ್ಚಿದ ಕೊಳವೆಯೊಂದರ ಮೂಲಕ, ಕಚೇರಿಯಲ್ಲೇ ಕುಳಿತಂತೆ ಕೆಲಸ ಮಾಡಬಹುದು. ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಅನೇಕ ರೂಟರುಗಳಲ್ಲಿ ಈ ಸೌಲಭ್ಯ ಅಡಕವಾಗಿಯೇ ಇದೆ. ಹಳೆಯದೊಂದು ಗಣಕಯಂತ್ರಕ್ಕೆ ಲಿನಕ್ಸ್ ಹಾಕಿದರೂ ಸಾಕು. ಓಪನ್ ವಿ.ಪಿ.ಎನ್. 2001ರಿಂದಲೂ ಬಳಕೆಯಲ್ಲಿದೆ. 2020ರ ಮಾರ್ಚ್‌ನಲ್ಲಿ ಲಿನಕ್ಸ್‌ನ ತಿರುಳಿನಲ್ಲೇ ಸೇರ್ಪಡೆಯಾದ ವೈರ್‌ಗಾರ್ಡ್ ಇನ್ನೂ ಸರಳವಾದುದು. ಸರಿಯಾದ ಕೀಲಿಯಿಲ್ಲದೆ ತಟ್ಟಿದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಎರಡೂ ಉಚಿತ. ಹಳೆಯ ರೂಟರುಗಳಲ್ಲಿ ಕಾಣಸಿಗುವ ಪಿ.ಪಿ.ಟಿ.ಪಿ. ಪದ್ಧತಿಯ ಭದ್ರತೆ ಎಂದೋ ಮುರಿದುಬಿದ್ದಿರುವುದರಿಂದ ಅದನ್ನು ಆಯ್ದುಕೊಳ್ಳಬಾರದು.

ತೊಡಕುಗಳಿಲ್ಲವೆಂದಲ್ಲ. ಅನೇಕ ಅಂತರಜಾಲ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿರುವುದರಿಂದ ಹೊರಗಿನಿಂದ ಕಚೇರಿಯನ್ನು ತಲುಪಲಾಗುವುದಿಲ್ಲ. ಅಂತಹವರು ಸಂಪರ್ಕದಾತರಿಂದ ಸ್ಥಿರ ಐ.ಪಿ. ವಿಳಾಸವನ್ನು ಕೇಳಿ ಪಡೆಯಬೇಕು. ಕಚೇರಿ ಮತ್ತು ಮನೆ ಎರಡರಲ್ಲೂ ರೂಟರಿನ ಒಳವಿಳಾಸಗಳು ಒಂದೇ ಸಾಲಿನವಾಗಿದ್ದರೆ ಗೊಂದಲವಾಗುತ್ತದೆ. ಕಚೇರಿಯದನ್ನು ಮೊದಲೇ ಬದಲಿಸಿಡುವುದು ಲೇಸು. ಲೆಕ್ಕದ ಕಡತಗಳನ್ನು ದೂರದಿಂದ ನೇರವಾಗಿ ತೆರೆದರೆ ಕೆಲಸ ನಿಧಾನವಾಗುವುದಲ್ಲದೆ, ನಡುವೆ ಸಂಪರ್ಕ ಕಡಿದಾಗ ಲೆಕ್ಕ ಕೆಡುವ ಸಂಭವವೂ ಉಂಟು. ವಿ.ಪಿ.ಎನ್. ಒಳಗಿನಿಂದ ಕಚೇರಿಯ ಯಂತ್ರದ ಪರದೆಯನ್ನಷ್ಟೇ ನೋಡಿ ಕೆಲಸ ಮಾಡುವುದು ಉತ್ತಮ. ವಿದ್ಯುತ್ ಹೋದರೆ ಕಾವಲುಗಾರನೂ ಮಲಗುತ್ತಾನೆ. ಆದ್ದರಿಂದ ರೂಟರಿಗೂ ಸರ್ವರಿಗೂ ಯು.ಪಿ.ಎಸ್. ಅಗತ್ಯ. ಇಷ್ಟೆಲ್ಲ ಮಾಡಿದರೂ ನಿತ್ಯದ ಪ್ರತಿಯೊಂದನ್ನು ಜಾಲಕ್ಕೆ ಸೇರದ ಡಿಸ್ಕಿನಲ್ಲಿ ತೆಗೆದಿಡುವುದನ್ನು ಬಿಡುವಂತಿಲ್ಲ.

ವಿ.ಪಿ.ಎನ್. ಕಾನೂನುಬಾಹಿರವೆಂಬ ಭಯವೂ ಕೆಲವರಲ್ಲಿದೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನವು ಗ್ರಾಹಕರ ವಿವರಗಳನ್ನು 5 ವರ್ಷ ಕಾದಿಡುವಂತೆ ಹೇಳಿದ್ದು ಸಾರ್ವಜನಿಕರಿಗೆ ವಿ.ಪಿ.ಎನ್. ಸೇವೆ ಒದಗಿಸುವ ಕಂಪನಿಗಳಿಗೆ. ಸಂಸ್ಥೆಯೊಂದು ತನ್ನ ಸಿಬ್ಬಂದಿಗಾಗಿ ನಡೆಸುವ ವಿ.ಪಿ.ಎನ್.ಗೆ ಆ ಷರತ್ತು ಅನ್ವಯಿಸುವುದಿಲ್ಲವೆಂದು ಅನಂತರ ಸ್ಪಷ್ಟಪಡಿಸಲಾಯಿತು. ಆದರೆ ದಾಳಿ ನಡೆದುದು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕೆಂಬ ಅದೇ ನಿರ್ದೇಶನದ ಮಾತು ಉದ್ಯಮ ಸಂಸ್ಥೆಗಳಿಗೂ ಅನ್ವಯಿಸುತ್ತದೆಂಬುದನ್ನು ಮರೆಯುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ತಂತ್ರಜ್ಞಾನವಲ್ಲ, ಶಿಸ್ತು. ಒಬ್ಬರಿಗೆ ಒಂದೇ ಕೀಲಿ. ಒಂದು ಕೀಲಿ ಇಬ್ಬರಿಗೆ ಕೂಡದು. ಯಾರ ಬಳಿ ಯಾವ ಕೀಲಿಯಿದೆ ಎಂಬ ಪಟ್ಟಿಯು ಮಾಲೀಕರ ಕೈಯಲ್ಲಿರಬೇಕೇ ಹೊರತು, ಸರ್ವರ್ ಕೂಡಿಸಿದ ತಂತ್ರಜ್ಞರ ನೆನಪಿನಲ್ಲಲ್ಲ. ಗುಮಾಸ್ತರು ಕೆಲಸ ಬಿಟ್ಟ ದಿನವೇ ಅವರ ಕೀಲಿ ರದ್ದಾಗಬೇಕು. ಇದು ಅವಿಶ್ವಾಸವಲ್ಲ, ಗೋದಾಮಿನ ಬೀಗದ ಕೈಯನ್ನು ಮರಳಿ ಪಡೆಯುವಷ್ಟೇ ಸಹಜವಾದ ಕ್ರಮ.

ಪ್ರತಿಯೊಂದು ಸಣ್ಣ ಘಟಕವೂ ಒಬ್ಬ ಜಾಲತಜ್ಞರನ್ನು ನೇಮಿಸಿಕೊಳ್ಳಲಾರದು. ಆದರೆ ಒಂದು ತಾಲ್ಲೂಕಿನ ಹತ್ತಿಪ್ಪತ್ತು ವರ್ತಕರು ಕೂಡಿ ಒಬ್ಬರನ್ನು ವಾರ್ಷಿಕ ಒಪ್ಪಂದದ ಮೇಲೆ ಗೊತ್ತುಮಾಡಿಕೊಳ್ಳಬಹುದು. ಅಂತಹ ಒಪ್ಪಂದದ ಮಾದರಿಯೊಂದನ್ನು ರೂಪಿಸಿಕೊಡುವುದು, ವರ್ಷಕ್ಕೊಮ್ಮೆ ತಾಲ್ಲೂಕು ಕೇಂದ್ರದಲ್ಲಿ ಪ್ರಾತ್ಯಕ್ಷಿಕೆ ಏರ್ಪಡಿಸುವುದು ವಾಣಿಜ್ಯ ಸಂಘಗಳ ಕರ್ತವ್ಯದ ವ್ಯಾಪ್ತಿಯಲ್ಲೇ ಇದೆ. ಹಿಂದಿನ ವರ್ತಕರು ಖಾತೆ ಪುಸ್ತಕವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಪೆಟ್ಟಿಗೆಯ ರೂಪ ಬದಲಾಗಿದೆ. ಕೀಲಿ ಯಾರ ಬಳಿಯಿರಬೇಕೆಂಬ ನಿಯಮ ಬದಲಾಗಿಲ್ಲ.