ಕಾರಖಾನೆಯ ಬಾಗಿಲಲ್ಲಿ ನಮ್ಮ ತರುಣರು

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯು 1996ರಲ್ಲಿ ದೇಶಕ್ಕೆ ಒಬ್ಬ ಪ್ರಧಾನಮಂತ್ರಿಯನ್ನು ಕೊಟ್ಟಿತು. ಶ್ರೀ ಎಚ್. ಡಿ. ದೇವೇಗೌಡರು ಆ ಪದವಿಗೇರಿದುದನ್ನು ಆ ಸೀಮೆಯವರು ಇಂದಿಗೂ ಅಭಿಮಾನದಿಂದ ನೆನೆಯುವರು, ಅದು ಯುಕ್ತವೇ. ಆದರೆ ಆ ಗ್ರಾಮವೂ, ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಗ್ರಾಮಗಳೂ ಹೊರಕ್ಕೆ ಕಳುಹಿಸುವ ಬೇರೊಂದು ಸಮೂಹವಿದೆ. ಐ.ಟಿ.ಐ.ಯನ್ನೋ ಡಿಪ್ಲೊಮವನ್ನೋ ಮುಗಿಸಿ, ಗದ್ದೆಯನ್ನು ತಂದೆಗೆ ಬಿಟ್ಟು, ಬೆಂಗಳೂರಿನ ಬಸ್ಸು ಹತ್ತುವ ತರುಣ ತರುಣಿಯರ ಸಮೂಹವದು. ಕೆಲಸ ಸಿಕ್ಕಿತೆಂದು ಊರಿನವರು ಸಂತೋಷಪಡುತ್ತಾರೆ. ಮೊದಲ ತಿಂಗಳ ಪಾಡೇನೆಂದು ವಿಚಾರಿಸುವವರು ವಿರಳ.

ಇಂತಹ ಹೊಸಬನು ಗುತ್ತಿಗೆದಾರನ ಮೂಲಕ ಸೇರಿದನೆಂದರೆ ಅವನ ಗುರುತಿನ ಚೀಟಿಯ ಮೇಲೆ ಒಂದು ಹೆಸರು, ಕಾರಖಾನೆಯ ಗೋಡೆಯ ಮೇಲೆ ಇನ್ನೊಂದು ಹೆಸರು. ಕೆಲಸ ಹೇಳುವವನೊಬ್ಬ, ಹಾಜರಿ ನೋಡುವವನು ಮತ್ತೊಬ್ಬ, ಸಂಬಳ ಕೊಡುವವನು ಕಣ್ಣಿಗೇ ಬೀಳದ ಮೂರನೆಯವನು. ಸಂಬಳ ಕಡಮೆ ಬಂದರೆ ಯಾರನ್ನು ಕೇಳತಕ್ಕದ್ದು? ಯಾವ ಮೇಜಿನ ಬಳಿ ಯಾವ ಹೊತ್ತಿನಲ್ಲಿ ನಿಂತರೆ ಕೆಲಸವಾಗುವುದೆಂದು ಹಳಬರು ಬಲ್ಲರು. ಹೊಸಬನು ಅರಿಯನು. ಆಡಳಿತ ವರ್ಗದ ಅವ್ಯವಸ್ಥೆಗೆ ಮೊದಲು ದಂಡ ತೆರುವವನು ಅವನೇ.

ಇದು ನಮ್ಮ ಕಲ್ಪನೆಯಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್‌ಗಳನ್ನು ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪೆನಿಯ ಕಾರಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದುದನ್ನು ವಾಚಕರು ಮರೆತಿರಲಾರರು. ಗಾಜುಗಳು ಒಡೆದುವು, ವಾಹನಗಳು ಉರುಳಿದುವು, ನೂರಕ್ಕೂ ಮಿಕ್ಕಿದ ಜನರ ಬಂಧನವಾಯಿತು. ಆ ಹಿಂಸೆಯನ್ನು ನಾವು ಖಂಡಿಸಿಯೇ ಖಂಡಿಸುವೆವು. ಆದರೆ ಅನಂತರ ಸರಕಾರದ ಕಾರಖಾನೆಗಳ ಇಲಾಖೆಯವರು ಕಂಡುದೇನು? 5,000 ಮಂದಿಗೆ ಅನುಮತಿ ಪಡೆದಿದ್ದ ಕಡೆ ಅಲ್ಪಕಾಲದಲ್ಲಿ 10,500 ಮಂದಿ ತುಂಬಿದ್ದರು. ಅವರಲ್ಲಿ ಬಹುಪಾಲು ಗುತ್ತಿಗೆಯವರು. ಕಾರ್ಮಿಕ ಕಾನೂನನ್ನು ಬಲ್ಲ ಸಿಬ್ಬಂದಿಯು ಸಾಕಷ್ಟಿರಲಿಲ್ಲ. ಎಂಟು ಗಂಟೆಯ ಪಾಳಿಯು ಹನ್ನೆರಡಾಯಿತು. ಹಾಜರಿಯ ಯಂತ್ರವು ಕೆಟ್ಟುದು ಎರಡು ತಿಂಗಳಾದರೂ ಸರಿಯಾಗಲಿಲ್ಲ! ಯಂತ್ರವು ಲೆಕ್ಕ ತಪ್ಪಿದರೆ ಹಸಿವು ಲೆಕ್ಕ ತಪ್ಪುವುದೆ? ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾದುದನ್ನು ಆಪಲ್ ಸಂಸ್ಥೆಯೇ ಒಪ್ಪಿಕೊಂಡಿತು. ವಿಸ್ಟ್ರಾನಿನವರು ಕ್ಷಮೆ ಬೇಡಿ, ತಮ್ಮ ಭಾರತದ ವ್ಯವಹಾರದ ಉಪಾಧ್ಯಕ್ಷನನ್ನು ತೆಗೆದುಹಾಕಿದರು.

ಆ ಕಾರಖಾನೆಯು 2023ರಲ್ಲಿ ಟಾಟಾರವರ ಕೈಸೇರಿತು. ಸ್ವದೇಶೀಯರ ಒಡೆತನವು ನಮಗೆ ಸಂತೋಷವೇ. ಆದರೆ ಒಡೆಯನು ಪರದೇಶಿಯಾದುದರಿಂದ ಮಾತ್ರವೇ ಹಾಜರಿಯ ಯಂತ್ರ ಕೆಟ್ಟಿತೆಂದು ನಂಬುವಷ್ಟು ಮುಗ್ಧರು ನಾವಲ್ಲ. ಬಂಡವಾಳವನ್ನು ಬರಮಾಡಿಕೊಳ್ಳುವ ಉತ್ಸಾಹದಲ್ಲಿ ನೆಲ, ನೀರು, ವಿದ್ಯುತ್ತುಗಳ ಲೆಕ್ಕ ಹಾಕುವ ನಮ್ಮ ಸರಕಾರವು, ಸಾವಿರಾರು ಹೊಸಬರನ್ನು ನಡೆಸಿಕೊಳ್ಳುವ ಏರ್ಪಾಡು ಅಲ್ಲಿ ಇದೆಯೇ ಎಂದು ಮುಂಚಿತವಾಗಿ ಕೇಳಬೇಡವೆ?

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಪ್ರತಿಯೊಬ್ಬ ನೌಕರನಿಗೂ ನೇಮಕಪತ್ರವನ್ನು ಕೊಡತಕ್ಕದ್ದೆಂದು ವಿಧಿಸಿವೆ. ತಿಂಗಳ ಸಂಬಳವು ಮುಂದಿನ ತಿಂಗಳ ಏಳನೆಯ ದಿನದೊಳಗೆ ಸಲ್ಲಬೇಕು. ಒಳ್ಳೆಯದು. ಆ ಪತ್ರವು ಕನ್ನಡದಲ್ಲಿರಲಿ. ಕೂಲಿಯೆಷ್ಟು, ಪಾಳಿ ಎಷ್ಟು ಗಂಟೆ, ದೂರನ್ನು ಕೇಳುವ ಅಧಿಕಾರಿ ಯಾರು ಎಂಬುದು ಹೆಸರು ಸಹಿತ ಅದರಲ್ಲಿರಲಿ. ಕೆಲಸಕ್ಕೆ ನಿಂತ ದಿನವೇ ಕೈಗೆ ಬರಲಿ. ನರಸಾಪುರದಲ್ಲಿ ಇಲಾಖೆಯ ವರದಿ ಬಂದುದು ಗಾಜು ಒಡೆದ ಮೇಲೆ. ಇನ್ನು ಮುಂದೆ ದೊಡ್ಡ ನೇಮಕಾತಿ ನಡೆದೆಡೆಗೆಲ್ಲ ಕಾರ್ಮಿಕ ಇಲಾಖೆಯವರು ಮೊದಲನೆಯ ಸಂಬಳದ ದಿನವೇ ಹೋಗಿ, ಹೊಸಬರನ್ನು ಕರೆದು ವಿಚಾರಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.