ಅದೇ 50 ಸಾವಿರ, ಅದೇ ಭಯ ಬೇಕಿತ್ತಾ? ಲೆಕ್ಕ, ಮಾಸ್ಕ್, ಲಸಿಕೆ: ನಮ್ಮ ನಾಲ್ಕು ತಾಲೂಕಿನಲ್ಲಿ ಜನ ಏನಂದರು?

2022ರ ಜನವರಿಯಲ್ಲಿ ವಾರಾಂತ್ಯ ಕರ್ಫ್ಯೂ ಹೋಯ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಅಂಗಡಿಯವರು ಎರಡು ವಾರದ ನಂತರ ಶನಿವಾರ, ಭಾನುವಾರ ಬಾಗಿಲು ತೆಗೆದರು. ಆದರೆ ಟೀ ಅಂಗಡಿ ಮುಂದೆ ನಿಂತರೆ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ: 'ಕೇಸ್ ಎರಡೂವರೆ ಸಾವಿರ ಇದ್ದಾಗ ಬಾಗ್ಲು ಹಾಕ್ಸುದ್ರು, 48 ಸಾವಿರ ಆದಾಗ ತೆಗೀರಿ ಅಂತಾರೆ. ಇದ್ಯಾವ ಲೆಕ್ಕ ಸಾ?'

ಕೇಳೋದು ನ್ಯಾಯವೇ. ಜ.4ರಂದು ಕರ್ಫ್ಯೂ ತೀರ್ಮಾನ ಆದಾಗ ರಾಜ್ಯದಲ್ಲಿ ದಿನದ ಕೇಸು ಸುಮಾರು ಎರಡೂವರೆ ಸಾವಿರ. ಜ.21ರಂದು ಅದನ್ನು ರದ್ದು ಮಾಡಿದಾಗ 48 ಸಾವಿರ ದಾಟಿತ್ತು. ಕೇಸಿನ ಸಂಖ್ಯೆ ಒಂದನ್ನೇ ಹಿಡಿದುಕೊಂಡರೆ ಸರ್ಕಾರಕ್ಕೆ ತಲೆ ಕೆಟ್ಟಿದೆ ಅನ್ನಿಸುತ್ತದೆ. ಅದಕ್ಕೇ ಇನ್ನೊಂದು ಸಂಖ್ಯೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಎರಡು ದಿನ, ಎರಡು ಕತೆ

2021ರ ಮೇ 5ರಂದು ರಾಜ್ಯದಲ್ಲಿ 50,112 ಕೇಸು ಬಂದವು. ಅಂದು ವರದಿಯಾದ ಸಾವು 346. 2022ರ ಜ.23ರ ಭಾನುವಾರ 50,210 ಕೇಸು. ಸಾವು 19. ಕೇಸು ಹೆಚ್ಚುಕಮ್ಮಿ ಅಷ್ಟೇ, ಸಾವು ಮಾತ್ರ ಅಜಗಜಾಂತರ.

ಇದಕ್ಕೆ ಕಾರಣ ಒಂದಲ್ಲ. ಒಮಿಕ್ರಾನ್ ವೇಗವಾಗಿ ಹರಡಿದರೂ ಶ್ವಾಸಕೋಶಕ್ಕೆ ಡೆಲ್ಟಾದಷ್ಟು ಹೊಡೆತ ಕೊಡುತ್ತಿರಲಿಲ್ಲ. 2021ರ ಮೇ ತಿಂಗಳಲ್ಲಿ ಬಹುಪಾಲು ಜನಕ್ಕೆ ಲಸಿಕೆ ಆಗಿರಲಿಲ್ಲ, 2022ರ ಜನವರಿ ಹೊತ್ತಿಗೆ ಆಗಿತ್ತು. ಒಮ್ಮೆ ಸೋಂಕು ಬಂದು ಹೋದವರೂ ಬಹಳ ಇದ್ದರು. ಆಸ್ಪತ್ರೆ ಸೇರುವವರ ಪ್ರಮಾಣ ಶೇ.5ರ ಆಸುಪಾಸಿನಲ್ಲಿದೆ, ಅದು ಏರಿದರೆ ಮತ್ತೆ ಕರ್ಫ್ಯೂ ಎಂದೇ ಅಂದಿನ ಸಚಿವ ಆರ್.ಅಶೋಕ ಹೇಳಿದ್ದು. ಅಂದರೆ ಸರ್ಕಾರವೂ ಆಗ ಕೇಸು ಬಿಟ್ಟು ಬೆಡ್ ಎಣಿಸುತ್ತಿತ್ತು. ಈ ಬುದ್ಧಿ ಜ.4ರಂದೇ ಬಂದಿದ್ದರೆ ಬಟ್ಟೆ ಅಂಗಡಿ, ಬಳೆ ಅಂಗಡಿ, ಮೊಬೈಲ್ ಅಂಗಡಿಯವರಿಗೆ ಸಂಕ್ರಾಂತಿ ವ್ಯಾಪಾರ ಉಳಿಯುತ್ತಿತ್ತು.

ಹಾಗಂತ 'ಬಂದೋಯ್ತದೆ ಬುಡಿ, ಶೀತ ಜ್ವರ ಅಷ್ಟೆ' ಅನ್ನೋದೂ ಪೂರ್ತಿ ನಿಜ ಅಲ್ಲ. ಸಾವು ಕೇಸಿನ ಬೆನ್ನಿಗೇ ಬರುವುದಿಲ್ಲ, ಒಂದೆರಡು ವಾರ ತಡವಾಗಿ ಬರುತ್ತದೆ. ಹಾಗಾಗಿ ಆ ದಿನದ 19 ಅನ್ನೋದೇ ಕೊನೆ ಮಾತಾಗಿರಲಿಲ್ಲ. 50 ಸಾವಿರದಲ್ಲಿ ಶೇಕಡಾವಾರು ಕಡಿಮೆ ಅನ್ನಿಸಿದರೂ, ಆ ಕಡಿಮೆಯಲ್ಲಿ ಸೇರುವವರು ಶುಗರ್, ಬಿ.ಪಿ., ಕಿಡ್ನಿ ತೊಂದರೆ ಇರುವ ನಮ್ಮ ಮನೆಯ ಅಪ್ಪ, ಅವ್ವಂದಿರೇ.

ಬುಲೆಟಿನ್‌ಗೆ ಸಿಗದ ಲೆಕ್ಕ

ಜಿಲ್ಲಾ ಬುಲೆಟಿನ್ ಸಂಜೆ ವಾಟ್ಸಾಪ್‌ಗೆ ಬಂದ ತಕ್ಷಣ ಎಲ್ಲರೂ ನೋಡುತ್ತಿದ್ದುದು 'ನಮ್ ತಾಲೂಕು ಎಷ್ಟು' ಅಂತ. ಪಕ್ಕದ ತಾಲೂಕಿಗಿಂತ ಕಡಿಮೆ ಇದ್ದರೆ ಸಮಾಧಾನ. ಆದರೆ ಆ ಸಂಖ್ಯೆ ಹೇಳುತ್ತಿದ್ದುದು ಪರೀಕ್ಷೆ ಮಾಡಿಸಿ ಪಾಸಿಟಿವ್ ಬಂದವರನ್ನು ಮಾತ್ರ. ಮೆಡಿಕಲ್ ಸ್ಟೋರ್‌ನಲ್ಲಿ ಜ್ವರದ ಮಾತ್ರೆ ತಗೊಂಡು ಮನೆಯಲ್ಲಿ ಮಲಗಿದವರು ಅದರಲ್ಲಿರಲಿಲ್ಲ. ಮನೆಯಲ್ಲೇ ಕಿಟ್ ಹಾಕಿ ನೋಡಿಕೊಂಡು ಸುಮ್ಮನಾದವರೂ ಇರಲಿಲ್ಲ. ಲಕ್ಷಣ ಇಲ್ಲದ ಸಂಪರ್ಕಿತರು, ವಯಸ್ಸು ಅಥವಾ ಕಾಯಿಲೆಯ ಕಾರಣಕ್ಕೆ ಅಪಾಯ ಹೆಚ್ಚಿಲ್ಲದಿದ್ದರೆ, ಪರೀಕ್ಷೆ ಮಾಡಿಸಬೇಕಿಲ್ಲ ಎಂದು ಐಸಿಎಂಆರ್ 2022ರ ಜ.10ರಂದೇ ಹೇಳಿತ್ತು. ಹಾಗಾಗಿ ಬುಲೆಟಿನ್ ಸಂಖ್ಯೆ ಅಂದರೆ 'ಕನಿಷ್ಠ ಇಷ್ಟು' ಎಂದು ಓದಿಕೊಳ್ಳಬೇಕಿತ್ತು.

ಈ ಲೆಕ್ಕ ತಪ್ಪಿದ್ದರಿಂದ ಆಗುವ ನಷ್ಟ ದೊಡ್ಡದು. ಎರಡನೇ ಅಲೆಯಲ್ಲಿ ಮನೆಯಲ್ಲೇ ಜೀವ ಬಿಟ್ಟವರಿದ್ದಾರೆ. ಮರಣ ಪತ್ರದಲ್ಲಿ ಕೋವಿಡ್ ಅಂತ ಇಲ್ಲದ್ದಕ್ಕೆ ಪರಿಹಾರ ಸಿಗಲ್ಲ ಅಂತ ಎಷ್ಟೋ ಮನೆಯವರು ಅರ್ಜಿಯನ್ನೇ ಹಾಕಿರಲಿಲ್ಲ. ಅದೊಂದೇ ಕಾರಣಕ್ಕೆ 50 ಸಾವಿರ ರೂ. ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಅ.4ರಂದು ಸ್ಪಷ್ಟವಾಗಿ ಹೇಳಿದೆ. ಪಾಸಿಟಿವ್ ಬಂದ 30 ದಿನದೊಳಗೆ ತೀರಿಕೊಂಡಿದ್ದರೆ, ಸಾವು ಆಸ್ಪತ್ರೆಯ ಹೊರಗೆ ಆಗಿದ್ದರೂ ಅದು ಲೆಕ್ಕಕ್ಕೆ ಬರುತ್ತಿತ್ತು. ತಕರಾರಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದಿತ್ತು. ಬಿಪಿಎಲ್ ಕುಟುಂಬಕ್ಕೆ ಇದರ ಮೇಲೆ ರಾಜ್ಯ ಸರ್ಕಾರದ 1 ಲಕ್ಷ ರೂ. ಇತ್ತು.

100 ರೂಪಾಯಿ ಮಾಸ್ಕ್

2020ರ ಅಕ್ಟೋಬರ್ ನೆನಪಿದೆಯಾ? ದಂಡವನ್ನು ನಗರದಲ್ಲಿ 1000, ಬೇರೆ ಕಡೆ 500 ರೂ.ಗೆ ಏರಿಸಿ, ಜನ ರೊಚ್ಚಿಗೆದ್ದ ಮೇಲೆ ಒಂದೇ ವಾರದಲ್ಲಿ 250 ಮತ್ತು 100ಕ್ಕೆ ಇಳಿಸಿದರು. ಮಹಾನಗರ ಪಾಲಿಕೆ ಇಲ್ಲದ ನಮ್ಮೂರುಗಳಿಗೆ 100. ಆವತ್ತಿನಿಂದ ಮಾಸ್ಕ್ ಅನ್ನೋದು ಕಾಯಿಲೆಗಿಂತ ಪೊಲೀಸರಿಗೆ ಹಾಕೋ ವಸ್ತು ಆಗಿಹೋಯ್ತು. ಸರ್ಕಲ್ ಬಂದಾಗ ಮೂಗಿಗೆ, ದಾಟಿದ ಮೇಲೆ ಗದ್ದಕ್ಕೆ.

ಜನರನ್ನೇ ಬೈದರೆ ಅದು ಅರ್ಧ ಸತ್ಯ. 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಏಳುತ್ತಿದ್ದಾಗಲೇ ಬೆಳಗಾವಿ, ಮಸ್ಕಿ, ಬಸವಕಲ್ಯಾಣ ಉಪಚುನಾವಣೆ ನಡೆಯಿತು, ಎಲ್ಲ ಪಕ್ಷದವರೂ ಜನ ಸೇರಿಸಿದರು. 2022ರಲ್ಲಿ ಕರ್ಫ್ಯೂ ಇದ್ದ ಭಾನುವಾರ, ಜ.9ರಂದೇ ಕನಕಪುರದ ಸಂಗಮದಿಂದ ಮೇಕೆದಾಟು ಪಾದಯಾತ್ರೆ ಹೊರಟಿತು. ಹೈಕೋರ್ಟ್ ಪ್ರಶ್ನಿಸಿದ ಮೇಲೆ ಜ.13ರಂದು ನಿಂತಿತು. ಕಾವೇರಿ ನೀರಿನ ವಿಷಯ ನಮಗಿಂತ ಬೇರೆ ಯಾರಿಗೆ ಗೊತ್ತು? ಆದರೂ ಅದೇ ಭಾನುವಾರ ಬಾಗಿಲು ಹಾಕಿಕೊಂಡು ಕೂತಿದ್ದ ಚಪ್ಪಲಿ ಅಂಗಡಿಯವನು ಟಿ.ವಿ.ಯಲ್ಲಿ ಸಾವಿರಾರು ಜನರನ್ನು ನೋಡಿ 'ಕಾನೂನು ನಮಗ್ ಮಾತ್ರವಾ' ಅಂದರೆ ಉತ್ತರ ಕೊಡೋರು ಯಾರು?

ಅವರು ಮಾಡಿದ್ದು ತಪ್ಪು ಅಂತ ನಮ್ಮ ಮೂಗು ಮುಚ್ಚದೇ ಇದ್ದರೆ ನಷ್ಟ ಯಾರಿಗೆ? ದಿನಕ್ಕೆ ನೂರು ಜನರ ಜೊತೆ ಎದುರುಬದುರು ಮಾತಾಡೋನು ಅಂಗಡಿಯವನು. ಅವನು ಮಲಗಿದರೆ ವಾರ ಅಂಗಡಿ ಬಂದ್, ಮನೆಯಲ್ಲಿ ವಯಸ್ಸಾದವರಿದ್ದರೆ ಆಸ್ಪತ್ರೆ ಖರ್ಚು ಬೇರೆ. ದಂಡ 100 ಇರಲಿ, ಇಲ್ಲದಿರಲಿ, ಈ ಲೆಕ್ಕ ಬದಲಾಗಲ್ಲ.

ತಂದೋರು ಯಾರು?

ಪ್ರತಿ ಅಲೆಯಲ್ಲೂ ನಮ್ಮಲ್ಲಿ ಒಬ್ಬ ಅಪರಾಧಿ ಹುಟ್ಟಿಕೊಳ್ಳುತ್ತಾನೆ. 2020ರ ಮೇ ತಿಂಗಳಲ್ಲಿ ಅದು 'ಮುಂಬೈಯವರು'. ಕೆ.ಆರ್.ಪೇಟೆ, ನಾಗಮಂಗಲ ಕಡೆಯಿಂದ ಹೊಟ್ಟೆಪಾಡಿಗೆ ಮುಂಬೈಗೆ ಹೋದವರು ಕೆಲಸ ಇಲ್ಲದೆ ವಾಪಸ್ ಬಂದರು, ಕೇಸು ಏರಿತು. ಅಲ್ಲಿವರೆಗೂ ಹಬ್ಬಕ್ಕೆ ಬಂದಾಗ ಮರ್ಯಾದೆ ಮಾಡುತ್ತಿದ್ದ ಊರೇ ಅವರನ್ನು ಕಂಡು ಬಾಗಿಲು ಹಾಕಿಕೊಂಡಿತು. 2022ರ ಜನವರಿಯಲ್ಲಿ ಸರದಿ ತಮಿಳುನಾಡಿನ ಮೇಲ್ಮರವತ್ತೂರಿಗೆ ಹೋಗಿ ಬಂದ ಓಂಶಕ್ತಿ ಭಕ್ತರದ್ದು. ಅವರಲ್ಲಿ ಕೆಲವರಿಗೆ ಪಾಸಿಟಿವ್ ಬಂದಿದ್ದು ನಿಜ. ಆದರೆ ಬೆರಳು ತೋರಿಸಿದರೆ ಆಗೋದು ಒಂದೇ: ಮುಂದಿನ ಸಲ ಜ್ವರ ಬಂದೋರು ಬಾಯಿ ಬಿಡಲ್ಲ, ಆಶಾ ಕಾರ್ಯಕರ್ತೆ ಬಂದರೆ 'ಯಾರಿಗೂ ಏನಿಲ್ಲ' ಅಂತಾರೆ.

ಲಸಿಕೆ: ಓಡಿಹೋದವರೇ ಕ್ಯೂ ನಿಂತರು

2021ರ ಜ.16ರಂದು ಲಸಿಕೆ ಶುರುವಾದಾಗ ಇದ್ದ ಅನುಮಾನ ಎಲ್ಲರಿಗೂ ಗೊತ್ತು. 'ಹಾಕ್ಸಿದ್ರೆ ಜ್ವರ ಬತ್ತದೆ, ಸತ್ತೋಯ್ತಾರೆ' ಅನ್ನೋ ಮಾತು ಹಳ್ಳಿ ಹಳ್ಳಿಗೂ ಹೋಗಿತ್ತು. ಮೇ ತಿಂಗಳಲ್ಲಿ ಆಂಬುಲೆನ್ಸ್ ಸದ್ದು ಹೆಚ್ಚಾಯ್ತು, ಪಕ್ಕದ ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೆ ಜನ ಸತ್ತರು. ಆಗ ಅದೇ ಜನ ಬೆಳಗ್ಗೆ ಐದಕ್ಕೇ ಬಂದು ಕ್ಯೂ ನಿಂತರು, ಲಸಿಕೆಯೇ ಇರಲಿಲ್ಲ! ಭಾಷಣ ಮಾಡದ ಕೆಲಸವನ್ನು ಭಯ ಮಾಡಿತ್ತು.

2022ರ ಜನವರಿ ಹೊತ್ತಿಗೆ ಭಯ ಇಳಿದಿತ್ತು, ಉದಾಸೀನ ಏರಿತ್ತು. ಕೋವಿಶೀಲ್ಡ್ ಮೊದಲ ಡೋಸ್ ಆಗಿ 12 ವಾರ, ಕೋವ್ಯಾಕ್ಸಿನ್ ಆಗಿ 4 ವಾರ ಕಳೆದಿದ್ದರೆ ಎರಡನೆಯದಕ್ಕೆ ಹೋಗಬಹುದಿತ್ತು. 15ರಿಂದ 18 ವರ್ಷದ ಮಕ್ಕಳಿಗೆ 2022ರ ಜ.3ರಿಂದ ಕೋವ್ಯಾಕ್ಸಿನ್ ಕೊಡುತ್ತಿದ್ದರು. ಬೇರೆ ಕಾಯಿಲೆ ಇರುವ 60 ದಾಟಿದವರಿಗೆ ಎರಡನೇ ಡೋಸ್ ಆಗಿ 39 ವಾರ ಕಳೆದಿದ್ದರೆ ಮುನ್ನೆಚ್ಚರಿಕೆ ಡೋಸ್ 2022ರ ಜ.10ರಿಂದ ಇತ್ತು. ಲಸಿಕೆ ಹಾಕಿಸಿದವರಿಗೂ ಸೋಂಕು ಬರುತ್ತಿತ್ತು, ಹೌದು. ಬರದಂತೆ ಪೂರ್ತಿ ತಡೆಯೋದಕ್ಕಿಂತ ಬಂದಾಗ ಐಸಿಯು ಮೆಟ್ಟಿಲು ಹತ್ತದ ಹಾಗೆ ಮಾಡೋದೇ ಅದರ ಮುಖ್ಯ ಕೆಲಸ.

ಆಡಳಿತದಿಂದ ಬೇಕಾದ್ದು

ನಾಲ್ಕೂ ತಾಲೂಕಿಗೆ ಒಂದೇ ಅಳತೆ ಹಿಡಿಯೋದು ಕಷ್ಟ. ಶ್ರೀರಂಗಪಟ್ಟಣದ ಹೋಟೆಲ್, ಗಂಜಾಂನ ನಿಮಿಷಾಂಬ ದೇವಸ್ಥಾನದ ಮುಂದಿನ ಹೂವು, ಕಾಯಿ ವ್ಯಾಪಾರ ನಿಂತಿರೋದೇ ಶನಿವಾರ, ಭಾನುವಾರದ ಮೇಲೆ. ಮೇಲುಕೋಟೆಗೂ ಹಾಗೇ. ಆ ಎರಡು ದಿನ ಮುಚ್ಚಿಸುವ ಮೊದಲು ಎಷ್ಟು ಜನ ಆಸ್ಪತ್ರೆಯಲ್ಲಿದ್ದಾರೆ, ಎಷ್ಟು ಆಕ್ಸಿಜನ್ ಬೆಡ್ ಖಾಲಿ ಇವೆ ಎಂದು ತಾಲೂಕುವಾರು ಜನರ ಮುಂದಿಡಲಿ. ಸಂತೆ ದಿನ ಸಂತೆ ಮಾಳದಲ್ಲೇ ಲಸಿಕೆ ಟೇಬಲ್ ಹಾಕಲಿ. ನಿಯಮ ಮಾಡಿದರೆ ಎಂಎಲ್‌ಎ ಮನೆ ಮದುವೆಗೂ, ಕೂಲಿಯವನ ಮನೆ ಮದುವೆಗೂ ಒಂದೇ ಮಾಡಲಿ.

ಜನ ಕೇಳಲ್ಲ ಅಂತ ಅಧಿಕಾರಿಗಳು ದೂರುತ್ತಾರೆ. ಕಾರಣ ಹೇಳಿ, ಎಲ್ಲರಿಗೂ ಒಂದೇ ಥರ ಹೇಳಿ ನೋಡಲಿ. ಮೊದಲ ಲಾಕ್‌ಡೌನ್‌ನಲ್ಲಿ ಒಂದು ಮಾತಿಗೆ ಊರಿಗೆ ಊರೇ ಮನೆಯೊಳಗೆ ಕೂತಿದ್ದು ಇದೇ ಜನ.