ಬಿದ್ದ ಮರ, ಮುರಿದ ಮಾಡು: ಹೊಣೆ ಯಾರದು?

ಆರ್ದ್ರಾ ಮಳೆ ಹಿಡಿದ ಮೇಲೆ ಮಲೆನಾಡಿನ ನೆಲ ನೀರುಂಡು ಮೆತ್ತಗಾಗುತ್ತದೆ. ಬೇರಿನ ಹಿಡಿತ ಸಡಿಲಗೊಳ್ಳುತ್ತದೆ, ತೊಯ್ದ ನೆತ್ತಿ ಭಾರವಾಗುತ್ತದೆ. ಅಂಥ ಒಂದು ರಾತ್ರಿಯ ಗಾಳಿಗೆ ಮೇಲಿನ ಮನೆಯ ಹಿತ್ತಿಲಿನ ಮಾವಿನ ಮರ ಕೆಳಗಿನ ಮನೆಯ ಕೊಟ್ಟಿಗೆಯ ಮೇಲೆ ಒರಗುತ್ತದೆ. ಹಂಚು, ಪಕಾಸುಗಳ ಜೊತೆಗೆ ಅಂಚಿನ ಹತ್ತಾರು ಅಡಿಕೆ ಮರಗಳೂ ನೆಲ ಕಚ್ಚುತ್ತವೆ. ಬೆಳಗಾಗುವಷ್ಟರಲ್ಲಿ ಎರಡು ಮನೆಗಳ ನಡುವಿನ ಮಾತೂ ಮುರಿದಿರುತ್ತದೆ. ಮರ ನಿಮ್ಮದು, ನಷ್ಟ ತುಂಬಿಕೊಡಿ ಎಂದು ಒಬ್ಬರು. ಮರ ನಮ್ಮದಾದರೂ ಗಾಳಿ ನಮ್ಮದೇ ಎಂದು ಇನ್ನೊಬ್ಬರು. ಮುಂದಿನ ಬೇಸಿಗೆಯಲ್ಲಿ ಇಡೀ ಕೇರಿಯ ಗಡಿಯಂಚಿನ ಮರಗಳು ಒಂದೊಂದಾಗಿ ಉರುಳುತ್ತವೆ. ರೋಗವಿಲ್ಲದವೂ, ವಾಲದೆ ನಿಂತವೂ.

ಹೀಗೆ ಭಯದಿಂದ ಮರ ಕಡಿಯಬೇಕೆಂದು ಕಾನೂನು ಎಲ್ಲಿಯೂ ಹೇಳುವುದಿಲ್ಲ. ಹಾಗೆಯೇ, ಮರವನ್ನು ಪ್ರೀತಿಸುವವರು ನೆರೆಯವರ ಮುರಿದ ಮಾಡಿನತ್ತ ಬೆನ್ನು ತಿರುಗಿಸಬಹುದೆಂದೂ ಹೇಳುವುದಿಲ್ಲ. ಪರಿಸರದ ಕಾಳಜಿಯುಳ್ಳವರು ಈ ಎರಡು ಮಾತುಗಳನ್ನೂ ಒಟ್ಟಿಗೆ ಅರಿಯಬೇಕಾಗಿದೆ.

ಮರ ಬಿದ್ದರೆ ನಷ್ಟಕ್ಕೆ ಯಾರು ಬಾಧ್ಯರೆಂದು ಹೇಳುವ ಪ್ರತ್ಯೇಕ ಸಂಹಿತೆ ಭಾರತದಲ್ಲಿಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಬೆಳೆದುಬಂದ ತತ್ತ್ವಗಳನ್ನೇ ಇಲ್ಲಿನ ನ್ಯಾಯಾಲಯಗಳೂ ಬಹುಮಟ್ಟಿಗೆ ಅನುಸರಿಸುತ್ತವೆ. ಆ ತತ್ತ್ವದ ಸಾರ ಸರಳವಾದುದು: ಮರ ಬಿದ್ದಿತೆಂಬ ಮಾತ್ರಕ್ಕೆ ಒಡೆಯ ಹೊಣೆಗಾರನಾಗುವುದಿಲ್ಲ, ಬೀಳಬಹುದೆಂದು ತಿಳಿದಿದ್ದೂ, ಅಥವಾ ತಿಳಿಯಬೇಕಾಗಿದ್ದೂ, ಸುಮ್ಮನಿದ್ದರೆ ಹೊಣೆಗಾರನಾಗುತ್ತಾನೆ. ಲಂಡನ್ನಿನಲ್ಲಿ ಹೊರನೋಟಕ್ಕೆ ಸೊಂಪಾಗಿದ್ದ ಎಲ್ಮ್ ಮರವೊಂದು ಬೇರುರೋಗದಿಂದ ಕಾರಿನ ಮೇಲೆ ಬಿದ್ದ ಪ್ರಕರಣದಲ್ಲಿ, ರೋಗ ಹೊರಗೆ ಕಾಣುವಂತಿರಲಿಲ್ಲವೆಂಬ ಕಾರಣಕ್ಕೆ 1950ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಪೀಠ ಜಾಗದ ಹಕ್ಕುದಾರರನ್ನು ಹೊಣೆಯಿಂದ ಬಿಡುಗಡೆ ಮಾಡಿತು. ಇದಕ್ಕೆ ಎದುರಾಗಿ ನಿಲ್ಲುವುದು ದೆಹಲಿಯ ಪ್ರಕರಣ. 1964ರಲ್ಲಿ ಅಲ್ಲಿ ಸ್ಕೂಟರಿನಲ್ಲಿ ಸಾಗುತ್ತಿದ್ದವರೊಬ್ಬರು ರಸ್ತೆಬದಿಯ ಒಣಮರದ ಕೊಂಬೆ ತಲೆಯ ಮೇಲೆ ಬಿದ್ದು ಅಸುನೀಗಿದರು. ಮರ ಒಣಗಿದ್ದು ಕಣ್ಣಿಗೆ ಕಾಣುವಂತಿದ್ದುದರಿಂದ ಮಹಾನಗರ ಪಾಲಿಕೆಯೇ ಹೊಣೆಯೆಂಬುದನ್ನು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಎತ್ತಿಹಿಡಿಯಿತು. ದೈವಕೃತ್ಯವೆಂಬ ವಾದ ಅಸಾಧಾರಣ ಬಿರುಗಾಳಿಗೆ ಸಲ್ಲುತ್ತದೆ; ವರ್ಷವರ್ಷವೂ ಬರುವ ಮಳೆಗಾಲದ ಗಾಳಿಯನ್ನು ತೋರಿಸಿ ಒಳಗೆ ಟೊಳ್ಳಾದ ಮರದ ಒಡೆಯ ಪಾರಾಗುವುದು ಕಷ್ಟ.

ಹಾಗಾದರೆ ತಿಳಿಯಬೇಕಾದುದು ಯಾವುದು? ಮರ ತನ್ನ ನೋವನ್ನು ಬಹುಪಾಲು ಹೊರಗೆ ತೋರಿಸುತ್ತದೆ. ಬುಡದಲ್ಲಿ ಅಣಬೆ ಎದ್ದಿದ್ದರೆ ಒಳಗೆ ಬೇರೋ ತಿರುಳೋ ಕೊಳೆಯುತ್ತಿದೆ ಎಂದರ್ಥ. ಕಾಂಡ ಎರಡಾಗಿ ಕವಲೊಡೆದು ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ ಗಾಳಿಗೆ ಸೀಳುವ ಸಂಭವ ಹೆಚ್ಚು. ಅಕೇಶಿಯಾದಲ್ಲಿ ಇದು ಸಾಮಾನ್ಯ. ಬಂದಣಿಕೆ ಹಿಡಿದ ಮಾವಿನ ಕೊಂಬೆ ಸತ್ತ್ವಗುಂದಿ ಒಣಗುತ್ತದೆ. ಎಳವೆಯಿಂದಲೂ ವಾಲಿ ಬೆಳೆದ ಮರಕ್ಕಿಂತ ಇತ್ತೀಚೆಗೆ ವಾಲಿದ ಮರ ಅಪಾಯಕಾರಿ. ವಾಲಿದ ದಿಕ್ಕಿಗೆ ಎದುರಾಗಿ ನೆಲ ಬಿರುಕುಬಿಟ್ಟಿದ್ದರಂತೂ ಕಾಯುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಾರಣ ಈಚಿನ ವರ್ಷಗಳದು: ರಸ್ತೆಗೆಂದು, ಮನೆಯಡಿಗೆಂದು ಜೆಸಿಬಿ ಧರೆಯನ್ನು ಕತ್ತರಿಸುವಾಗ ಮರದ ಒಂದು ಮಗ್ಗುಲಿನ ಬೇರುಗಳೇ ಕಡಿದುಹೋಗುತ್ತವೆ. ಆ ಮರ ಬಿದ್ದಾಗ ಮರದ ಒಡೆಯನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಬೇರು ಕಡಿಸಿದವರೂ ಉತ್ತರದಾಯಿಗಳು.

ಅಪಾಯ ಕಂಡವರು ಮಾಡಬೇಕಾದ ಮೊದಲ ಕೆಲಸ ಮಾತನಾಡುವುದು. ಎರಡನೆಯದು ಬರೆದು ಕೊಡುವುದು. ದಿನಾಂಕವುಳ್ಳ ಒಂದು ಪತ್ರ, ಎರಡು ಛಾಯಾಚಿತ್ರ, ಗ್ರಾಮ ಪಂಚಾಯಿತಿಗೆ ಒಂದು ಪ್ರತಿ, ಇಷ್ಟಾದರೆ ಒಡೆಯನಿಗೆ ತಿಳಿದಿರಲಿಲ್ಲವೆಂಬ ವಾದ ನಿಲ್ಲುವುದಿಲ್ಲ. ಗಡಿ ದಾಟಿ ಚಾಚಿದ ಕೊಂಬೆಯನ್ನು ತನ್ನ ನೆಲದಲ್ಲಿ ನಿಂತು ಗಡಿಯವರೆಗೆ ಕತ್ತರಿಸುವ ಹಕ್ಕು ನೆರೆಯವನಿಗಿದೆ ಎಂಬ ತತ್ತ್ವ 1894ರ ಇಂಗ್ಲೆಂಡಿನ ತೀರ್ಪೊಂದರಿಂದ ಸ್ಥಿರವಾಗಿದೆ. ಆದರೆ ಕಡಿದ ಕೊಂಬೆಯೂ ಅದರ ಕಾಯಿಯೂ ಮರದ ಒಡೆಯನವೇ. ದೊಡ್ಡ ರೆಂಬೆಗೆ ಕೈಹಾಕುವ ಮೊದಲು ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ವಿವೇಕ.

ಮಾತಿಗೆ ಬಗ್ಗದವರ ವಿಷಯದಲ್ಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಮೊರೆಹೋಗಬಹುದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿದ್ದ ಅಧಿಕಾರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ. ಬಿದ್ದು ನೆರೆಹೊರೆಯವರಿಗೋ ದಾರಿಹೋಕರಿಗೋ ಗಾಯವಾಗುವ ಸಂಭವವುಳ್ಳ ಮರವನ್ನು ತೆಗೆಯಿಸಲು, ಇಲ್ಲವೇ ಅದಕ್ಕೆ ಆಸರೆ ಕೊಡಿಸಲು ಈ ಕಲಮಿನಡಿ ಆದೇಶಿಸಬಹುದು. ಕಾನೂನು ಕೊಡಲಿಯ ಪಕ್ಕದಲ್ಲಿಯೇ ಊರುಗೋಲನ್ನೂ ಇಟ್ಟಿದೆ ಎಂಬುದು ಗಮನಾರ್ಹ. ಅರ್ಜಿ ಕೊಡುವವರು ಆ ಎರಡನೆಯ ಪದವನ್ನು ಮರೆಯಬಾರದು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವೂ ಇದೇ ಸಮತೋಲವನ್ನು ಪಾಲಿಸುತ್ತದೆ. ಮರ ಸತ್ತಿದ್ದರೆ, ರೋಗಗ್ರಸ್ತವಾಗಿದ್ದರೆ, ಪ್ರಾಣಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ ಕಡಿಯಲು ಅನುಮತಿ ನಿರಾಕರಿಸುವಂತಿಲ್ಲ. ಬಲಿತ ಮರಕ್ಕೂ ಅನುಮತಿಯುಂಟು. ಆದರೆ ಅದು ಕಡಿದಾದ ಇಳಿಜಾರಿನಲ್ಲಿರಬಾರದು. ಧರೆಯನ್ನು ಹಿಡಿದು ನಿಂತ ಮರವನ್ನು ಉರುಳಿಸಿದರೆ ಮುಂದಿನ ಮಳೆಯಲ್ಲಿ ಬರುವುದು ಮರವಲ್ಲ, ಗುಡ್ಡ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆತ್ತಿಯನ್ನು ಮೊಟಕುಗೊಳಿಸುವುದೂ ಪರಿಹಾರವಲ್ಲ. ಗಾಯ ಕೊಳೆಯುತ್ತದೆ, ಅಲ್ಲಿ ಚಿಗುರುವ ರೆಂಬೆಗಳ ಬೆಸುಗೆ ದುರ್ಬಲವಾಗಿರುತ್ತದೆ. ಬೇಸಿಗೆಯಲ್ಲಿಯೇ ಒಣಕೊಂಬೆ ತೆಗೆದು, ನೆತ್ತಿಯನ್ನು ವಿರಳಗೊಳಿಸಿ, ಒಂದು ಮಗ್ಗುಲಿನ ಭಾರ ಇಳಿಸಿದರೆ ಅನೇಕ ಮರಗಳು ಉಳಿಯುತ್ತವೆ.

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಕೆಲವು ಮರಗಳು ಬೀಳುತ್ತವೆ. ಯಾರ ತಪ್ಪೂ ಇಲ್ಲದಿದ್ದಾಗ ಕೆಳಗಿನ ಮನೆಯವರ ನಷ್ಟ ತುಂಬುವವರು ಯಾರು? ಸರ್ಕಾರದ ವಿಪತ್ತು ಪರಿಹಾರ ಅಲ್ಪವಾದುದು. 2022-23ರಿಂದ 2025-26ರ ಅವಧಿಗೆ ಕೇಂದ್ರ ನಿಗದಿಪಡಿಸಿದ ಮಾನದಂಡದಲ್ಲಿ, ಶೇಕಡ 15ರಷ್ಟಾದರೂ ಹಾನಿಗೊಂಡ ಪಕ್ಕಾ ಮನೆಗೆ 6,500 ರೂಪಾಯಿ, ಮನೆಗೆ ಹೊಂದಿಕೊಂಡ ಕೊಟ್ಟಿಗೆಗೆ 3,000 ರೂಪಾಯಿ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆವಿಮೆಯೂ ಇಲ್ಲಿ ನೆರವಾಗದು. ಅದು ಮಳೆಮಾಪಕದ ಅಂಕಿಗಳನ್ನು ನೋಡಿ ಹಣ ಕೊಡುತ್ತದೆಯೇ ಹೊರತು ತೋಟದಲ್ಲಿ ಮುರಿದುಬಿದ್ದ ಮರಗಳನ್ನು ಎಣಿಸುವುದಿಲ್ಲ.

ಮನೆಗಾದರೂ ದಾರಿಯಿದೆ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಗೃಹವಿಮೆಯನ್ನು ನೀಡುತ್ತಿವೆ. ಬೆಂಕಿ, ಸಿಡಿಲು, ಬಿರುಗಾಳಿ, ಭೂಕುಸಿತಗಳ ಜೊತೆಗೆ ಮರ ಬಿದ್ದು ಆಗುವ ಹಾನಿಯನ್ನೂ ಅದು ಸ್ಪಷ್ಟವಾಗಿ ಹೆಸರಿಸಿ ಒಳಗೊಳ್ಳುತ್ತದೆ. ಮರ ಯಾರದು, ತಪ್ಪು ಯಾರದು ಎಂಬ ಜಗಳ ಮುಗಿಯುವವರೆಗೆ ಮಾಡು ಹೊದಿಸಲು ಕಾಯಬೇಕಾಗಿಲ್ಲ. ಕೊಟ್ಟಿಗೆ, ಸೌದೆಮನೆಗಳೂ ವಿಮೆಗೆ ಒಳಪಟ್ಟಿವೆಯೇ ಎಂಬುದನ್ನು ಮಾತ್ರ ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಪರಿಹಾರ ಕೊಟ್ಟ ಕಂಪನಿಗೆ ನಿರ್ಲಕ್ಷ್ಯ ತೋರಿದ ನೆರೆಯವನಿಂದ ಆ ಹಣ ವಸೂಲು ಮಾಡುವ ಹಕ್ಕಿರುತ್ತದೆ. ಆದುದರಿಂದ ಕೆಳಗಿನ ಮನೆಯ ವಿಮೆ ಮೇಲಿನ ಮನೆಯವರ ಹೊಣೆಯನ್ನು ಅಳಿಸುವುದಿಲ್ಲ.

ಉಳಿದದ್ದು ಸೊಪ್ಪಿನಬೆಟ್ಟದ ಪ್ರಶ್ನೆ. ಅಲ್ಲಿ ಸೊಪ್ಪು ರೈತರದು, ಮರ ಸರ್ಕಾರದ್ದು. ಬೆಟ್ಟದಂಚಿನ ಒಣಮರ ತೋಟದ ಮೇಲೆ ವಾಲಿದ್ದರೂ ರೈತ ಅದನ್ನು ಮುಟ್ಟುವಂತಿಲ್ಲ. ಹೀಗಿರುವಾಗ, ಒಡೆತನ ತನ್ನದೆನ್ನುವ ಇಲಾಖೆ ನೆರೆಯವನ ಕರ್ತವ್ಯವನ್ನೂ ಒಪ್ಪಿಕೊಳ್ಳಬೇಡವೇ? ಲಿಖಿತ ದೂರು ಬಂದ ಮೇಲೆ ಮಳೆಗಾಲಕ್ಕೆ ಮುನ್ನ ಸ್ಥಳಪರಿಶೀಲನೆ ನಡೆಸುವುದು ಅದರ ಕನಿಷ್ಠ ಹೊಣೆ. ದೆಹಲಿಯ ಒಣಮರಕ್ಕೆ ಅನ್ವಯಿಸಿದ ನ್ಯಾಯ ಬೆಟ್ಟದ ಒಣಮರಕ್ಕೆ ಅನ್ವಯಿಸದಿರಲು ಕಾರಣವಿಲ್ಲ.

ಪ್ರತಿ ಊರಿನಲ್ಲಿಯೂ ಯುಗಾದಿಯ ನಂತರದ ಒಂದು ದಿನವನ್ನು ಇದಕ್ಕಾಗಿ ಮೀಸಲಿಡಬಹುದು. ಎರಡೂ ಮನೆಯವರು, ಒಬ್ಬ ಪಂಚಾಯಿತಿ ಸದಸ್ಯರು, ಊರಿನ ನಾಲ್ಕು ವಿದ್ಯಾರ್ಥಿಗಳು ಸೇರಿ ಗಡಿಯ ಮರಗಳನ್ನು ಒಂದು ಸುತ್ತು ನೋಡಿ, ಯಾವುದು ಉಳಿಯಬೇಕು, ಯಾವುದಕ್ಕೆ ಆಸರೆ ಬೇಕು, ಯಾವುದು ಹೋಗಲೇಬೇಕು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಖರ್ಚು ಇಲ್ಲವೆಂಬಷ್ಟು ಕಡಿಮೆ. ಮರವನ್ನು ಉಳಿಸಿಕೊಳ್ಳುವ ಹಕ್ಕು ಕೇಳುವವರು ಅದರ ಬುಡಕ್ಕೆ ವರ್ಷಕ್ಕೊಮ್ಮೆಯಾದರೂ ಬಗ್ಗಿ ನೋಡುವ ಕಷ್ಟವನ್ನು ಹೊರಲೇಬೇಕು. ಹಾಗೆ ಹೊತ್ತಾಗ ಮಾತ್ರ ಕೆಳಗಿನ ಮನೆಯವರು ಗಾಳಿ ಎದ್ದ ರಾತ್ರಿ ಮೇಲಿನ ಮನೆಯ ಮರವನ್ನು ಶತ್ರುವೆಂದು ಭಾವಿಸದೆ ನಿದ್ರಿಸಬಲ್ಲರು.